ಒಂದಗುಳಿನ ಪರೀಕ್ಷೆ: ಕಾರ್ಟೂನ್ ಧಾರಾವಾಹಿ ಹುಟ್ಟುವ ಬಗೆ



ಅನ್ನ ಬೆಂದಿದೆಯೇ ಎಂದು ತಿಳಿಯಲು ನಾವು ಪಾತ್ರೆಯನ್ನೆಲ್ಲ ಬರಿದು ಮಾಡುವುದಿಲ್ಲ. ಒಂದಗುಳನ್ನು ಹಿಸುಕಿ ನೋಡುತ್ತೇವೆ. ನಮ್ಮ ಮಕ್ಕಳು ಮೈಮರೆತು ನೋಡುವ ಕಾರ್ಟೂನ್ ಧಾರಾವಾಹಿಗಳ ಹಿಂದೆಯೂ ಇಂಥದೇ ಒಂದು ಪರೀಕ್ಷೆಯಿದೆ. ಆ ಅಗುಳಿಗೆ ದೂರದರ್ಶನದವರು ಇಟ್ಟಿರುವ ಹೆಸರು ‘ಪೈಲಟ್’, ಅಂದರೆ ಧಾರಾವಾಹಿಗೆ ಮುನ್ನ ತಯಾರಿಸುವ ಮಾದರಿ ಚಿತ್ರ. ಅದರ ಕಥೆಗೂ ನಮ್ಮ ಅಟ್ಲಾಂಟಾ ನಗರಕ್ಕೂ ನಿಕಟ ಸಂಬಂಧವಿರುವುದರಿಂದ ಈ ವಿಷಯವನ್ನು ಇಂದು ಆರಿಸಿಕೊಂಡಿದ್ದೇವೆ.

ಪರೀಕ್ಷೆ ಏಕೆ ಬೇಕು? ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಏಳು ನಿಮಿಷದ ಚಿತ್ರಕ್ಕೆ 10,080 ಚೌಕಟ್ಟುಗಳಾದವು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಐದು ಸಾವಿರಕ್ಕೆ ಮಿಕ್ಕಿ ರೇಖಾಚಿತ್ರಗಳು ಬೇಕು. ಇಪ್ಪತ್ತೆರಡು ನಿಮಿಷಗಳ ಹದಿಮೂರು ಕಂತುಗಳೆಂದರೆ ಇದರ ನಲವತ್ತು ಪಟ್ಟು ದುಡಿಮೆ. ಅಷ್ಟು ಹಣವನ್ನೂ ಶ್ರಮವನ್ನೂ ಸುರಿದ ಮೇಲೆ ಪ್ರೇಕ್ಷಕರು ಮುಖ ತಿರುಗಿಸಿದರೆ ನಷ್ಟ ತುಂಬಲಾರದ್ದು. ಆದ್ದರಿಂದ ಮೊದಲು ಒಂದೇ ಕಿರುಚಿತ್ರ.

ಅಟ್ಲಾಂಟಾದ ಉದ್ಯಮಿ ಟೆಡ್ ಟರ್ನರರ ಸಂಸ್ಥೆ 1991ರಲ್ಲಿ ಹ್ಯಾನಾ-ಬಾರ್ಬೆರಾ ಕಾರ್ಟೂನ್ ಸಂಸ್ಥೆಯನ್ನು ಕೊಂಡಿತು. 1992ರ ಅಕ್ಟೋಬರ್ 1ರಂದು ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಆರಂಭವಾಯಿತು. ಮೊದಮೊದಲು ಅಲ್ಲಿ ಬಹುಪಾಲು ಹಳೆಯ ಕಾರ್ಟೂನುಗಳ ಮರುಪ್ರದರ್ಶನವೇ ನಡೆಯುತ್ತಿತ್ತು. ಹೊಸದನ್ನು ಹುಟ್ಟಿಸುವ ದಾರಿಯನ್ನು, ಆಗ ಹ್ಯಾನಾ-ಬಾರ್ಬೆರಾದ ಮುಖ್ಯಸ್ಥರಾಗಿದ್ದ ಫ್ರೆಡ್ ಸೈಬರ್ಟರು ಹಿಂದಿನವರ ಅನುಭವದಲ್ಲಿಯೇ ಕಂಡುಕೊಂಡರು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಬೆಕ್ಕು ಮತ್ತು ಇಲಿಯ ಒಂದೇ ಒಂದು ಕಿರುಚಿತ್ರ ಮಾಡಿದ್ದರು. ಜನ ಮೆಚ್ಚಿದ ಮೇಲೆ ಅದೇ ‘ಟಾಮ್ ಅಂಡ್ ಜೆರ್ರಿ’ಯಾಗಿ ಬೆಳೆಯಿತು. ಅದೇ ಜಾಡಿನಲ್ಲಿ ‘ವಾಟ್ ಎ ಕಾರ್ಟೂನ್’ ಎಂಬ ಹೆಸರಿನಲ್ಲಿ 48 ಕಿರುಚಿತ್ರಗಳ ಯೋಜನೆ ಸಿದ್ಧವಾಯಿತು. 1995ರ ಫೆಬ್ರವರಿ 20ರಂದು ಮೊದಲನೆಯದು ಪ್ರಸಾರವಾಯಿತು.

ಈಗ ಕೆಲಸದ ಕ್ರಮವನ್ನು ನೋಡೋಣ. ಕಲಾವಿದನು ಕಥೆಯನ್ನು ಬರಿಯ ಮಾತಿನಲ್ಲಿ ಬರೆಯದೆ, ಸಾಲುಸಾಲು ಚಿತ್ರಗಳಲ್ಲಿ ಬಿಡಿಸುತ್ತಾನೆ. ಆ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಹರಿಕಥೆಯ ದಾಸರಂತೆ ಎಲ್ಲ ಪಾತ್ರಗಳನ್ನೂ ತಾನೇ ಅಭಿನಯಿಸಿ ತೋರಿಸುತ್ತಾನೆ. ಒಪ್ಪಿಗೆ ದೊರೆತರೆ ಮೊದಲು ನಟರ ಧ್ವನಿಯನ್ನು ಮುದ್ರಿಸುತ್ತಾರೆ. ಮಾತಿನ ಏರಿಳಿತಕ್ಕೆ ತಕ್ಕಂತೆ ತುಟಿಯೂ ಹುಬ್ಬೂ ಆಡಬೇಕಾದುದರಿಂದ ಧ್ವನಿ ಮುಂದೆ, ಚಲನೆ ಹಿಂದೆ. ಬಳಿಕ ಬಿಡಿ ಚಿತ್ರಗಳನ್ನು ಧ್ವನಿಗೆ ಹೊಂದಿಸಿ ಕಥೆಯ ವೇಗವನ್ನು ಅಳೆಯುತ್ತಾರೆ. ಆಮೇಲೆ ಪೂರ್ಣ ಚಿತ್ರಣ, ಸಂಗೀತ, ಪ್ರಸಾರ. ಕೊನೆಯದು ಪ್ರೇಕ್ಷಕರ ತೀರ್ಪು. 2000ದಲ್ಲಂತೂ ಇದೇ ವಾಹಿನಿ ಹಲವು ಕಿರುಚಿತ್ರಗಳನ್ನು ತೋರಿಸಿ, ಧಾರಾವಾಹಿಯಾಗಬೇಕಾದುದನ್ನು ಪ್ರೇಕ್ಷಕರ ಮತದಿಂದಲೇ ಆರಿಸಿತು.

ಈ ಪದ್ಧತಿಯಿಂದ ಬೆಳಕಿಗೆ ಬಂದವರಲ್ಲಿ ಗೆಂಡಿ ಟಾರ್ಟಕೋವ್‌ಸ್ಕಿಯವರ ಕಥೆ ವಲಸೆ ಬಂದ ನಮ್ಮಂಥವರ ಮನಸ್ಸಿಗೆ ಬೇಗ ನಾಟುತ್ತದೆ. ಅವರು 1970ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಏಳನೆಯ ವಯಸ್ಸಿನಲ್ಲಿ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದರು. ಹುಡುಗ ವ್ಯಾಪಾರಸ್ಥನಾಗಲೆಂದು ಮನೆಯವರ ಆಸೆ. ಆ ಆಸೆಗೆ ತಲೆಬಾಗಿ ಅವರು ಜಾಹೀರಾತಿನ ತರಗತಿಗೆ ಸೇರಲು ಹೋದರು. ತಡವಾಗಿದ್ದರಿಂದ ಅದು ಸಿಗದೆ ಆನಿಮೇಷನ್ ತರಗತಿ ಪಾಲಿಗೆ ಬಂದಿತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಚಿತ್ರವೇ 1995ರ ಕಿರುಚಿತ್ರಕ್ಕೆ ಬೀಜವಾಯಿತು; 1996ರಲ್ಲಿ ಅದು ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’ ಧಾರಾವಾಹಿಯಾಯಿತು.

ಆದರೆ ಅಗುಳು ಯಾವಾಗಲೂ ನಿಜ ಹೇಳುತ್ತದೆಯೇ? ಇಲ್ಲ. ಕ್ರೇಗ್ ಮೆಕ್‌ಕ್ರ್ಯಾಕನ್ ಅವರ ‘ಪವರ್‌ಪಫ್ ಗರ್ಲ್ಸ್’ ಮಾದರಿ ಚಿತ್ರ, ಪರೀಕ್ಷೆಗೆಂದು ಕರೆಸಿದ ಮಕ್ಕಳಿಗೆ ಹಿಡಿಸಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ವಾಹಿನಿಯವರು ಕೈಬಿಡದೆ ಇನ್ನೊಂದು ಅವಕಾಶ ಕೊಟ್ಟರು. 1998ರಲ್ಲಿ ಧಾರಾವಾಹಿಯಾಗಿ ಬಂದ ಅದು 2005ರವರೆಗೆ ನಡೆದು ಜಗತ್ತಿನಾದ್ಯಂತ ಮನೆಮಾತಾಯಿತು. ಹಾಗೆಯೇ ಪೆಂಡಲ್ಟನ್ ವಾರ್ಡರ ‘ಅಡ್ವೆಂಚರ್ ಟೈಮ್’ ಕಿರುಚಿತ್ರ ಮೊದಲು ನಿಕಲೋಡಿಯನ್ ವಾಹಿನಿಗಾಗಿ ತಯಾರಾಯಿತು. ಅವರು ಅದನ್ನು ಮುಂದುವರಿಸಲಿಲ್ಲ. ಕಾರ್ಟೂನ್ ನೆಟ್‌ವರ್ಕ್ ಎತ್ತಿಕೊಂಡಿತು. ಅದು 2010ರಿಂದ 2018ರವರೆಗೆ ನಡೆಯಿತು. ಅಂದಮೇಲೆ ಮಾದರಿ ಚಿತ್ರದ ಹಿರಿಮೆ ಅದು ತಪ್ಪದೆ ಭವಿಷ್ಯ ನುಡಿಯುತ್ತದೆ ಎಂಬುದಲ್ಲ. ಸೋತರೂ ಮನೆ ಮುಳುಗುವುದಿಲ್ಲ, ಮತ್ತೊಮ್ಮೆ ಪ್ರಯತ್ನಿಸಬಹುದು ಎಂಬುದೇ ಅದರ ಹಿರಿಮೆ. ಆ 48ರಲ್ಲಿ ಧಾರಾವಾಹಿಯಾದವು ಬೆರಳೆಣಿಕೆಯಷ್ಟೇ. ಉಳಿದವುಗಳಲ್ಲಿಯೂ ಕಲಾವಿದರ ಕೈ ಪಳಗಿತು.

ಇಲ್ಲಿ ನಾವು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪುಸ್ತಕದ ಅಂಚಿನಲ್ಲಿ ಗೀಚುತ್ತ ಕುಳಿತ ಮಗುವಿಗೆ ‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ನಾವು ಕೇಳಿಬಿಡುತ್ತೇವೆ. ಕೇಳುವುದು ತಪ್ಪಲ್ಲ, ಪರದೇಶದಲ್ಲಿ ನೆಲೆಯೂರಲು ಪಟ್ಟ ಪಾಡು ನಮ್ಮಿಂದ ಹಾಗೆ ಕೇಳಿಸುತ್ತದೆ. ಆದರೆ ಡಾಕ್ಟರೋ ಇಂಜಿನಿಯರೋ ಚಿತ್ರಕಾರನೋ ಎಂಬ ಇಡೀ ಬದುಕಿನ ತೀರ್ಮಾನವನ್ನು ಅದೊಂದು ಗಳಿಗೆಯಲ್ಲಿ ಮಾಡಬೇಕಾಗಿಲ್ಲ. ಅವರಿಗೂ ಒಂದು ಮಾದರಿ ಚಿತ್ರದ ಅವಕಾಶ ಕೊಡೋಣ.

ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳು ಒಂದು ನಿಮಿಷದ ಕನ್ನಡ ಕಾರ್ಟೂನನ್ನು ಮಾಡಿ ತರಲಿ ಎಂಬುದು ನಮ್ಮ ಸಲಹೆ. ಕಾಗದ, ಪೆನ್ಸಿಲು, ಮನೆಯಲ್ಲಿರುವ ಫೋನು ಇಷ್ಟು ಸಾಕು. ಧ್ವನಿ ಮುಂದೆ, ಚಲನೆ ಹಿಂದೆ ಎಂದೆವಲ್ಲವೆ? ಹಾಗಾದರೆ ಗೆರೆಗೆ ಜೀವ ಬರುವ ಮೊದಲೇ ಮಗು ಕನ್ನಡದ ಮಾತನ್ನು ಬಾಯಿತುಂಬ ಆಡಬೇಕಾಗುತ್ತದೆ. ಉಚ್ಚಾರಣೆ ತಪ್ಪಿದರೆ ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ ಕೇಳಬೇಕಾಗುತ್ತದೆ. ಚಿತ್ರ ಚೆನ್ನಾಗಿ ಬಂದರೆ ಸಂತೋಷ. ಬರದಿದ್ದರೂ ಅಜ್ಜಿಯೊಡನೆ ಆಡಿದ ಮಾತು ಉಳಿಯುತ್ತದೆ.