ಗುಂಡಿಯ ಗೋಡೆ ನಿಲ್ಲಿಸುವ ವಿದ್ಯೆ

ಹಳೇಬೀಡಿಗೆ ಬಂದವರಲ್ಲಿ ಹೊಯ್ಸಳೇಶ್ವರನನ್ನು ನೋಡಿ ಹಿಂತಿರುಗುವವರೇ ಹೆಚ್ಚು. ಸಮೀಪದ ಹುಲಿಕೆರೆಯ ಕಲ್ಯಾಣಿಗೆ ಹೋದವರೂ ಮೆಟ್ಟಿಲ ಮೇಲಿನ ಪುಟ್ಟ ಗುಡಿಗಳನ್ನು ಮೆಚ್ಚಿ ಬರುತ್ತಾರೆ. ನನ್ನ ಕಣ್ಣು ಹೋಗುವುದು ಆ ಕಲ್ಲುಗಳ ಬೆನ್ನಿಗಿರುವ ಮಣ್ಣಿನ ಕಡೆಗೆ. 12ನೇ ಶತಮಾನದ ಈ ಹೊಯ್ಸಳ ಕೊಳದಲ್ಲಿ ಮೆಟ್ಟಿಲೇ ತಡೆಗೋಡೆ. ಪ್ರತಿ ಹಂತವೂ ಒಂದಿಷ್ಟು ಹಿಂದೆ ಸರಿದು ಕೂತಿರುವುದರಿಂದ ಯಾವೊಂದು ಸಾಲಿನ ಕಲ್ಲಿಗೂ ಇಡೀ ಆಳದ ಒತ್ತಡ ಬೀಳದು. ಸಂದುಗಳಲ್ಲಿ ಒಸರುವ ನೀರು ಕೊಳಕ್ಕೇ ಇಳಿಯುತ್ತದೆ.

ಹಾಗೆ ಹಿಂದೆ ಸರಿಯಲು ಜಾಗ ಬೇಕು. ಬೆಂಗಳೂರಿನ ಇಕ್ಕಟ್ಟಾದ ಸೈಟಿನಲ್ಲಿ ಎರಡು ಬೇಸ್‌ಮೆಂಟ್ ತೋಡುವವರಿಗೆ ಅದೆಲ್ಲಿದೆ? ಒಂದು ಮಗ್ಗುಲಿಗೆ ಪಕ್ಕದ ಮನೆಯ ಪಾಯ, ಇನ್ನೊಂದಕ್ಕೆ ರಸ್ತೆ, ಅದರಡಿ ಒಳಚರಂಡಿ. ಗುಂಡಿಯ ಗೋಡೆ ನೆಟ್ಟಗೇ ನಿಲ್ಲಬೇಕು.

ಅಂಥ ಗೋಡೆಯನ್ನು ತಳ್ಳುವ ಮಣ್ಣಿನ ಒತ್ತಡಕ್ಕೆ ಲೆಕ್ಕ ಹಾಕಿಕೊಟ್ಟವನು ಫ್ರೆಂಚ್ ಸೇನೆಯ ಎಂಜಿನಿಯರ್ ಕುಲಂಬ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಬಂದ ಅವನು 1773ರಲ್ಲಿ ಪ್ಯಾರಿಸ್‌ನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧ ಇಂದಿಗೂ ಈ ವಿದ್ಯೆಯ ಬುನಾದಿ. ಆಳ ಹೆಚ್ಚಿದಂತೆ ಮಣ್ಣಿನ ಒತ್ತಡವೂ ಹೆಚ್ಚುತ್ತದೆ. ಹಾಗಾಗಿ ಒಂದೇ ಬಗೆಯ ಮಣ್ಣಿನಲ್ಲಿ 3 ಮೀಟರ್ ಗುಂಡಿಯನ್ನು 6 ಮೀಟರ್‌ಗೆ ಇಳಿಸಿದರೆ ಗೋಡೆ ಹೊರಬೇಕಾದ ಒಟ್ಟು ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನೀರು ಸೇರಿಕೊಂಡರೆ ಇನ್ನೂ ಹೆಚ್ಚು.

ಬರ್ಲಿನ್‌ನ ನೆಲದಡಿ ರೈಲಿನ ಕಾಲಕ್ಕೆ ಉಕ್ಕಿನ ತೊಲೆಗಳನ್ನು ನೆಟ್ಟು, ನಡುವೆ ಹಲಗೆ ಸೇರಿಸಿ ಅಗೆಯುವ ಪದ್ಧತಿ ರೂಢಿಗೆ ಬಂತು. ಆದರೆ ಎದುರುಬದುರು ಗೋಡೆಗಳಿಗೆ ಕೊಟ್ಟ ಅಡ್ಡ ತೊಲೆಗಳು ಗುಂಡಿಯೊಳಗಿನ ಕೆಲಸಕ್ಕೇ ಅಡ್ಡಿ. 1958ರಲ್ಲಿ ಮ್ಯೂನಿಕ್‌ನ ಬವೇರಿಯನ್ ರೇಡಿಯೊ ಕಟ್ಟಡದ ಗುಂಡಿಯಲ್ಲಿ ಕಾರ್ಲ್‌ಹೈನ್ಸ್ ಬವರ್ ಬೇರೆ ದಾರಿ ಹಿಡಿದರು. ಗೋಡೆಯ ಆಚೆಗಿನ ಮಣ್ಣಿಗೇ ಓರೆಯಾಗಿ ರಂಧ್ರ ಕೊರೆದು, ಉಕ್ಕಿನ ಸರಳು ಇಳಿಸಿ, ಸಿಮೆಂಟ್ ಹಾಲು ತುಂಬಿ, ಅದು ಗಟ್ಟಿಯಾದ ಮೇಲೆ ಸರಳನ್ನು ಜಗ್ಗಿ ಬಿಗಿಯುವ ಆಂಕರ್ ಅದು. ಗೋಡೆಯನ್ನು ತಳ್ಳುವ ಮಣ್ಣಿನ ಹಿಂದಿರುವ ಗಟ್ಟಿ ನೆಲವೇ ಅದನ್ನು ಎಳೆದು ಹಿಡಿಯಿತು. ತೊಡಕೆಂದರೆ, ಇಕ್ಕಟ್ಟಿನ ಸೈಟಿನಲ್ಲಿ ಆ ನೆಲ ಪಕ್ಕದವರದು. ಅವರು ಒಪ್ಪದಿದ್ದರೆ ಮತ್ತೆ ಅಡ್ಡ ತೊಲೆಯೇ ಗತಿ.

ಪೇಟೆಯ ಒತ್ತಿನಲ್ಲೇ ಆಳಕ್ಕೆ ಇಳಿದು ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಮೆಟ್ರೊ ನಿಲ್ದಾಣಗಳನ್ನು ನಾವು ಕಟ್ಟಿದ್ದೇವೆ. ಮೆಜೆಸ್ಟಿಕ್ 2016ರಲ್ಲಿ ತೆರೆಯಿತು, ಉಳಿದೆರಡು 2017ರಲ್ಲಿ. ವಿದ್ಯೆಗೆ ಕೊರತೆಯಿಲ್ಲ. ಕೊರತೆ ಇರುವುದು ಸಣ್ಣ ಸೈಟುಗಳಲ್ಲಿ. ಬೇಸಿಗೆಯಲ್ಲಿ ಬೆಂಗಳೂರಿನ ಕೆಂಪು ಮಣ್ಣು ಕತ್ತರಿಸಿಟ್ಟಂತೆ ನಿಲ್ಲುತ್ತದೆ. ಅದನ್ನೇ ನಂಬಿ ಶೋರಿಂಗ್, ಅಂದರೆ ಗುಂಡಿಯ ಗೋಡೆಗೆ ಕೊಡುವ ಆಸರೆ, ಬಿಟ್ಟುಬಿಡುತ್ತಾರೆ, ಕಟ್ಟಡ ಎದ್ದ ಮೇಲೆ ಹೇಗೂ ಅದು ಕಾಣದಲ್ಲ ಎಂದು. ನೆನೆದರೆ ಆ ಮಣ್ಣು ಸಡಿಲವಾಗಿ ಒಮ್ಮೆಗೇ ಜಾರುತ್ತದೆ. ಅದರ ಕೆಳಗಿರುವವರು ಕಂಬಿ ಕಟ್ಟುವ ಕೂಲಿಗಳು. ಅಂಚಿನಲ್ಲಿ ನೆಲದಾಳಕ್ಕೆ ಇಳಿಸುವ ಕಂಬಗಳ, ಅಂದರೆ ಪೈಲ್‌ಗಳ, ಸಾಲು ಮುಗಿಯದೆ ಜೆಸಿಬಿ ಗುಂಡಿಗೆ ಇಳಿಯಲೇಬಾರದು. ಖರ್ಚಿನ ಮಾತೆತ್ತುವ ಮಾಲೀಕರು ಆ ತಳದಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಲಿ.