ಮಜ್ಜೆಯ ಪಾಠಕ್ಕೊಂದು ವರ್ಷ

ರೋಗಿ ಬೋರಲು ಮಲಗಿದ್ದಾರೆ. ಸೊಂಟದ ಹಿಂಬದಿಯ ಮೂಳೆಯ ಏಣನ್ನು ಬೆರಳಿನಿಂದ ತಡವಿ ಗುರುತು ಹಾಕಿದ್ದಾಯಿತು. ಚರ್ಮದಿಂದ ಮೂಳೆಯ ಹೊರಪೊರೆಯವರೆಗೆ ಮರಗಟ್ಟಿಸುವ ಚುಚ್ಚುಮದ್ದನ್ನೂ ಕೊಟ್ಟಾಯಿತು. ಆದರೆ ಮಜ್ಜೆಯನ್ನು ಸಿರಿಂಜಿಗೆ ಎಳೆಯುವ ಕೆಲವು ಕ್ಷಣದ ನೋವು ಆ ಮದ್ದಿಗೆ ಪೂರ್ತಿ ಬಗ್ಗುವುದಿಲ್ಲ. ಅದನ್ನು ಮೊದಲೇ ರೋಗಿಗೆ ಹೇಳಿ, ಮಾತಾಡಿಸುತ್ತಲೇ ಕೈ ಚುರುಕಾಗಿ ಆಡಬೇಕು. ಅಮೆರಿಕದ ಅನೇಕ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಜ್ಜೆ ತೆಗೆಯುವ ಈ ಸೂಜಿ ಹಿಡಿಯುವವರು ಈಗ ಡಾಕ್ಟರಲ್ಲ. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಲು ವಿಶೇಷ ತರಬೇತಿ ಪಡೆದ ನರ್ಸ್ ಪ್ರಾಕ್ಟಿಷನರ್ ಅಥವಾ ಫಿಸಿಶಿಯನ್ ಅಸಿಸ್ಟೆಂಟ್.

ಈ ಎರಡು ವೃತ್ತಿಗಳೂ ಒಂದೇ ವರ್ಷದ ಕೂಸುಗಳು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರುಮಾಡಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್, ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದಿದ್ದ ನಾಲ್ವರನ್ನು ಕೂರಿಸಿಕೊಂಡು ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸ್ ತೆರೆದರು. ಫೋರ್ಡ್ 104 ವರ್ಷ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡರು. ತಾವು ನೆಟ್ಟದ್ದು ಲಕ್ಷಾಂತರ ಜನರ ಕಸುಬಾಗಿ ಬೆಳೆದದ್ದನ್ನು ಅವರು ಕಣ್ಣಾರೆ ಕಂಡರು.

ಓದು ಮುಗಿಸಿ ಪರವಾನಗಿ ಪಡೆದವರು ಯಾವ ವಿಭಾಗಕ್ಕೆ ಬೇಕಾದರೂ ಸೇರಬಹುದು. ತೊಡಕಿರುವುದೇ ಅಲ್ಲಿ. ಕೋರ್ಸಿನಲ್ಲಿ ರಕ್ತರೋಗಕ್ಕೆ ಸಿಗುವ ಕಾಲ ಬಹಳ ಕಡಿಮೆ. ಲ್ಯುಕೇಮಿಯಾ ವಾರ್ಡಿಗೆ ನೇರವಾಗಿ ಕಾಲಿಟ್ಟವರು ಕೆಲಸದ ನಡುವೆಯೇ ಎಲ್ಲವನ್ನೂ ಕಲಿಯಬೇಕು. ಅದಕ್ಕಾಗಿ ಹುಟ್ಟಿಕೊಂಡದ್ದು ಫೆಲೋಶಿಪ್: ಸುಮಾರು ಒಂದು ವರ್ಷ, ಸಂಬಳ ಪಡೆಯುತ್ತಲೇ, ಹಿರಿಯರ ಕಣ್ಣೆದುರು ಕಲಿಯುವ ವ್ಯವಸ್ಥೆ. ಪದವಿಯ ನಂತರದ ಇಂಥ ತರಬೇತಿಗೆ 1971ರಲ್ಲಿ ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆ ಶಸ್ತ್ರಚಿಕಿತ್ಸೆಯಲ್ಲಿ ನಾಂದಿ ಹಾಡಿತ್ತು. ಕ್ಯಾನ್ಸರ್ ಮತ್ತು ರಕ್ತರೋಗ ವಿಭಾಗಗಳಿಗೆ ಅದು ಬಂದದ್ದು ತಡವಾಗಿ.

ಮತ್ತೆ ಆ ಸೂಜಿಯ ವಿಷಯಕ್ಕೆ ಬರಬೇಕು, ಏಕೆಂದರೆ ಈ ಕಲಿಕೆಯ ಸ್ವಭಾವವೆಲ್ಲ ಅದರಲ್ಲಿದೆ. ಅದರ ಹೆಸರು ಜಮ್‌ಶಿದಿ ಸೂಜಿ. ಇರಾನ್ ಮೂಲದ ಖೊಸ್ರೊ ಜಮ್‌ಶಿದಿ ಮಿನೆಸೋಟದಲ್ಲಿ ಇದನ್ನು ರೂಪಿಸಿ 1971ರಲ್ಲಿ ಪ್ರಕಟಿಸಿದರು. ಹಳೆಯ ಸೂಜಿಗಳಲ್ಲಿ ಮಜ್ಜೆಯ ತುಣುಕು ಹೊರಬರುವಾಗ ನಜ್ಜುಗುಜ್ಜಾಗುತ್ತಿತ್ತು. ಜಮ್‌ಶಿದಿಯವರು ಸೂಜಿಯ ತುದಿಯನ್ನು ಒಳಕೊಳವೆಗಿಂತ ಕಿರಿದು ಮಾಡಿದರು. ಇಕ್ಕಟ್ಟಿನಲ್ಲಿ ಕತ್ತರಿಸಿಕೊಂಡು ಒಳಹೊಕ್ಕ ತುಣುಕಿಗೆ ಮುಂದೆ ವಿಶಾಲ ಜಾಗ ಸಿಗುತ್ತದೆ, ಜೀವಕೋಶಗಳ ಜೋಡಣೆ ಕೆಡುವುದಿಲ್ಲ. ಇಷ್ಟು ಸಣ್ಣ ಬದಲಾವಣೆ, ಆದರೆ ರೋಗನಿರ್ಣಯದ ದಿಕ್ಕನ್ನೇ ಬದಲಿಸಿತು.

ಸೂಜಿ ಒಳ್ಳೆಯದಿದ್ದರೆ ಸಾಲದು. ಮೊದಲು ಎಳೆದ ಒಂದೆರಡು ಮಿಲಿಲೀಟರ್ ಮಜ್ಜೆಯೇ ಸೂಕ್ಷ್ಮದರ್ಶಕಕ್ಕೆ ಶ್ರೇಷ್ಠ. ಹೆಚ್ಚು ಎಳೆದಷ್ಟೂ ಬರೀ ರಕ್ತ ಬೆರೆಯುತ್ತದೆ. ಅದನ್ನು ಹೆಪ್ಪುಗಟ್ಟುವ ಮೊದಲೇ ಗಾಜಿನ ಮೇಲೆ ಹರಡಬೇಕು. ಅಲ್ಲಿ ರವೆಯಂಥ ಸಣ್ಣ ಕಾಳುಗಳು ಕಂಡರೆ ಮಜ್ಜೆ ಸಿಕ್ಕಿದೆ ಎಂದರ್ಥ, ಕಾಣದಿದ್ದರೆ ಮತ್ತೆ ಪ್ರಯತ್ನಿಸಬೇಕು. ಕೆಲವೊಮ್ಮೆ ಎಷ್ಟು ಎಳೆದರೂ ಏನೂ ಬರದು. ಅದು ಸದಾ ಕೈತಪ್ಪಲ್ಲ, ಮಜ್ಜೆಯೊಳಗೆ ನಾರು ಬೆಳೆದಿರುವ ಸೂಚನೆಯೂ ಇರಬಹುದು. ಆಗ ಮೂಳೆಯ ತುಣುಕನ್ನೇ ಗಾಜಿಗೆ ಮೆಲ್ಲಗೆ ಒತ್ತಿ ಅಚ್ಚು ತೆಗೆಯುತ್ತಾರೆ. ಇದನ್ನು ಪುಸ್ತಕ ಹೇಳಿಕೊಡುತ್ತದೆ ನಿಜ, ಆದರೆ ಮೂಳೆ ಗಟ್ಟಿಯಿದೆಯೋ ಟೊಳ್ಳಾಗಿದೆಯೋ ಎಂಬುದು ಗೊತ್ತಾಗುವುದು ಅಂಗೈಗೆ ಮಾತ್ರ.

ವರ್ಷದ ಉಳಿದ ಭಾಗ ಲಿಂಫೋಮಾ, ಮೈಲೋಮಾ, ಹಿಮೋಫಿಲಿಯಾ, ಸಿಕಲ್ ಸೆಲ್, ರಕ್ತನಿಧಿ, ಮಜ್ಜೆ ಕಸಿ ಹೀಗೆ ವಿಭಾಗದಿಂದ ವಿಭಾಗಕ್ಕೆ ಸಾಗುತ್ತದೆ. ಬಿಳಿರಕ್ತಕಣ ಕುಸಿದ ರೋಗಿಗೆ ನಡುರಾತ್ರಿ 38.3 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು. ರೋಗಿಯದೇ ರಕ್ಷಣಾ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಪಡೆದವರಿಂದ ಒಂದು ವಾಕ್ಯ ಬರೆಸುವುದೂ ಪಾಠವೇ. ಅಕ್ಷರ ಸೊಟ್ಟಗಾದರೆ ಚಿಕಿತ್ಸೆ ಮಿದುಳಿನ ಮೇಲೆ ಪರಿಣಾಮ ಬೀರುತ್ತಿರಬಹುದು. ನಿತ್ಯ ಅದೇ ಮುಖ ನೋಡುವವರಿಗೆ ಆ ವ್ಯತ್ಯಾಸ ಬೇಗ ಕಾಣುತ್ತದೆ.

2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಒಂದು ಬಗೆಯ ರಕ್ತಕ್ಯಾನ್ಸರ್ ಇರುವವರು ದಶಕಗಟ್ಟಲೆ ಬದುಕುತ್ತಿದ್ದಾರೆ. ಬದುಕಿರುವವರೆಲ್ಲ ತಪಾಸಣೆಗೆ ಬರಬೇಕಲ್ಲವೇ? ಅವರನ್ನೆಲ್ಲ ನೋಡಲು ಹೊಸ ತಜ್ಞರು ಬೇಗ ಸಿಗುವುದಿಲ್ಲ: ಅಮೆರಿಕದಲ್ಲಿ ರಕ್ತರೋಗ ತಜ್ಞರಾಗಲು ವೈದ್ಯಪದವಿಯ ಮೇಲೆ ಸಾಮಾನ್ಯವಾಗಿ ಆರು ವರ್ಷ ಬೇಕು. ಒಂದು ವರ್ಷದ ಫೆಲೋಶಿಪ್ ಅದಕ್ಕೆ ಸಾಟಿಯಲ್ಲ, ಸಾಟಿಯೆಂದು ಹೇಳಿಕೊಳ್ಳುವುದೂ ಇಲ್ಲ. ಈ ಫೆಲೋಶಿಪ್ ಕಡ್ಡಾಯವೂ ಅಲ್ಲ. ಸೀಟು ಕಡಿಮೆ. ನೇರ ನೌಕರಿಗಿಂತ ಸಂಬಳವೂ ಕಡಿಮೆ, ಕಲಿಸುವ ಖರ್ಚು ಬಹುಪಾಲು ಆಸ್ಪತ್ರೆಯ ಹೆಗಲಿಗೇ ಬೀಳುತ್ತದೆ. ಸಾಲ ಮಾಡಿ ಓದಿದವರು ಇನ್ನೊಂದು ವರ್ಷ ತ್ಯಾಗ ಮಾಡಲಿ ಎಂದು ಬಯಸುವುದು ನ್ಯಾಯವಲ್ಲ. ಕಲಿಯುವವರಿಗೆ ಪೂರ್ಣ ವೇತನ ಸಿಗಲೇಬೇಕು.

ನಮ್ಮಲ್ಲೂ ಬೀಜ ಬಿದ್ದಿದೆ. ಮದ್ರಾಸ್ ಮೆಡಿಕಲ್ ಮಿಷನ್ 1992ರಲ್ಲೇ ಫಿಸಿಶಿಯನ್ ಅಸಿಸ್ಟೆಂಟ್ ತರಬೇತಿ ಆರಂಭಿಸಿತು. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಕ್ಕೆಂದು ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕೋರ್ಸ್ ರೂಪಿಸಿದೆ. ಐಐಟಿ ಬಾಂಬೆಯಲ್ಲಿ ಬೆಳೆದ ದೇಶೀ ಕಾರ್-ಟಿ ಚಿಕಿತ್ಸೆಗೂ 2023ರಲ್ಲಿ ಅನುಮತಿ ದೊರೆತಿದೆ. ಚಿಕಿತ್ಸೆ ಬಂತು, ಅದನ್ನು ಹಗಲಿರುಳು ಕಾಯುವ ಕೈಗಳನ್ನೂ ಈಗಲೇ ತಯಾರು ಮಾಡಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗಳು ರಕ್ತರೋಗ ವಾರ್ಡುಗಳಲ್ಲಿ ದುಡಿಯುತ್ತಿರುವ ಅನುಭವಿ ನರ್ಸ್‌ಗಳಿಗೆ, ಸಂಬಳ ಸಹಿತವಾಗಿ, ಇಂಥ ಒಂದು ವರ್ಷವನ್ನು ಕೊಡಲು ಮುಂದಾಗಲಿ.