ಹಳೆಯ ಪಿಕಪ್ ವಾಹನಗಳಲ್ಲಿ ಚಾಲನಾ ವ್ಯವಸ್ಥೆಯ ಕಂಪನ

ಚಾಲನಾ ವ್ಯವಸ್ಥೆಯ ಕಂಪನವೆಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಸಾಗಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್ ಮೊದಲಾದ ಭಾಗಗಳಲ್ಲಿ ಸವೆತ, ಅಸಮತೋಲನ ಅಥವಾ ತಪ್ಪು ಜೋಡಣೆಯಿಂದ ಉಂಟಾಗುವ ನಡುಕ. ಟಾಟಾ 207, ಮಹೀಂದ್ರ ಬೊಲೆರೊ ಪಿಕಪ್ ಮುಂತಾದ ವಾಹನಗಳಲ್ಲಿ ಎಂಜಿನ್ ಮುಂದಿದ್ದು, ಶಕ್ತಿಯು ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು ತಲುಪುತ್ತದೆ. ವಾಹನ ಹಳತಾದಂತೆ ಈ ಶಾಫ್ಟ್ ಮತ್ತು ಅದರ ಕೀಲುಗಳೇ ಕಂಪನದ ಸಾಮಾನ್ಯ ಮೂಲವಾಗುತ್ತವೆ.

ಹಿನ್ನೆಲೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಮೊದಲಾದ ಬೆಳೆಗಳನ್ನು ಹೊಲದಿಂದ ಮಾರುಕಟ್ಟೆಗೆ ಸಾಗಿಸಲು ಇಂತಹ ವಾಹನಗಳು ಬಳಕೆಯಲ್ಲಿವೆ. ಹಳ್ಳಿಯ ರಸ್ತೆಯಲ್ಲಿ ವೇಗ ಕಡಿಮೆ; ರಸ್ತೆಯ ಕುಲುಕಾಟದಲ್ಲಿ ಶಾಫ್ಟಿನ ನಡುಕ ಮರೆಯಾಗುತ್ತದೆ. ಅದೇ ವಾಹನ ಕೂಡ್ಲಿಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ನ್ನು ಏರಿ ವೇಗ ಪಡೆದಾಗ ದೋಷವು ಮೊದಲ ಬಾರಿಗೆ ಅರಿವಿಗೆ ಬರುವುದುಂಟು. ಅಸಮತೋಲನದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ.

ಮೂಲವನ್ನು ಗುರುತಿಸುವ ಬಗೆ

ಯಾವ ಭಾಗವನ್ನೂ ಬಿಚ್ಚುವ ಮೊದಲು ಕಂಪನವು ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ತಿಳಿಯಬೇಕು. ಊಹೆಯ ಮೇಲೆ ಮೊದಲು ಟೈರು, ಅನಂತರ ಕ್ಲಚ್ ಪ್ಲೇಟು ಬದಲಿಸಿ, ಕೊನೆಗೆ ದೋಷವು ಅವೆರಡಕ್ಕಿಂತ ಅಗ್ಗವಾದ ಒಂದು ಕೀಲಿನಲ್ಲಿತ್ತೆಂದು ಕಂಡುಕೊಳ್ಳುವುದು ವ್ಯರ್ಥ ವೆಚ್ಚ.

ನಿಂತ ವಾಹನದ ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ ಎಂಜಿನ್ನಿನ ವೇಗ ಹೆಚ್ಚಿಸಿದಾಗಲೂ ನಡುಕ ಬಂದರೆ, ಮೂಲವು ಎಂಜಿನ್, ಅದರ ರಬ್ಬರ್ ಮೌಂಟಿಂಗ್ ಅಥವಾ ಕ್ಲಚ್‌ನ ಕಡೆಗಿದೆ. ಹೊರಡುವಾಗ, ಕ್ಲಚ್ ಬಿಡುವ ಕ್ಷಣದಲ್ಲಿ ಮಾತ್ರ ಅದುರಿದರೆ ಎಣ್ಣೆ ತಗುಲಿದ ಕ್ಲಚ್ ಪ್ಲೇಟನ್ನೂ ಹರಿದ ಮೌಂಟಿಂಗನ್ನೂ ಪರೀಕ್ಷಿಸಬೇಕು. ಗೇರ್ ಯಾವುದಿದ್ದರೂ ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಕಾಣಿಸಿಕೊಂಡರೆ ದೋಷವು ಗೇರ್‌ಬಾಕ್ಸಿನ ಹಿಂದೆ, ಶಾಫ್ಟಿನಲ್ಲಿ ಅಥವಾ ಚಕ್ರಗಳಲ್ಲಿದೆ. ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಆ ವೇಗ ತಲುಪಿ ನ್ಯೂಟ್ರಲ್‌ಗೆ ತಂದಾಗಲೂ ನಡುಕ ಉಳಿದರೆ ಈ ನಿರ್ಣಯ ದೃಢವಾಗುತ್ತದೆ. ಈ ಪರೀಕ್ಷೆಯಲ್ಲಿ ಎಂಜಿನ್ ನಿಲ್ಲಿಸಕೂಡದು. ನಿಲ್ಲಿಸಿದರೆ ಬ್ರೇಕಿಗೆ ದೊರೆಯುವ ನೆರವು ತಪ್ಪುತ್ತದೆ.

ಚಕ್ರವನ್ನೂ ಶಾಫ್ಟನ್ನೂ ಪ್ರತ್ಯೇಕಿಸಲು ಸರಳ ಲೆಕ್ಕವೊಂದಿದೆ. ಟೈರಿನ ಸುತ್ತಳತೆ 2.1 ಮೀಟರ್ ಇದ್ದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಡಿಫರೆನ್ಶಿಯಲ್‌ನ ಅನುಪಾತ 4 ಆದರೆ ಅದೇ ವೇಳೆಗೆ ಶಾಫ್ಟ್ ಸುಮಾರು 32 ಸುತ್ತು ತಿರುಗುತ್ತದೆ. ಆದುದರಿಂದ ಚಕ್ರದ ದೋಷವು ತೂಗಾಟದಂತೆ, ಮುಂದಿನ ಚಕ್ರದ್ದಾದರೆ ಸ್ಟೀರಿಂಗಿನ ಅಲುಗಾಟದಂತೆ ಅನುಭವಕ್ಕೆ ಬರುತ್ತದೆ. ಶಾಫ್ಟಿನ ದೋಷವು ಆಸನ ಮತ್ತು ನೆಲಹಾಸಿನಲ್ಲಿ ಝುಂಯ್ಗುಟ್ಟುವ ನಡುಕವಾಗಿ ಬರುತ್ತದೆ. ಕನ್ನಡಿಯಲ್ಲಿನ ಬಿಂಬ ಮಸುಕಾಗುವುದೂ ಉಂಟು. ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿದು ಬಂದ ವಾಹನದ ಚಕ್ರದ ಒಳಮೈಗೆ ಅಂಟಿ ಒಣಗಿದ ಮಣ್ಣೂ ಅಸಮತೋಲನ ಉಂಟುಮಾಡುತ್ತದೆ. ತಪಾಸಣೆಗೆ ಮೊದಲು ಚಕ್ರಗಳನ್ನು ತೊಳೆಯುವುದು ಖರ್ಚಿಲ್ಲದ ಚಿಕಿತ್ಸೆ.

ಕೀಲುಗಳು ಮತ್ತು ಕೋನ

ಶಾಫ್ಟಿನ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟಿನ ನಡುವಿನ ಭಾಗವನ್ನು ಗ್ಯಾರೇಜುಗಳಲ್ಲಿ ಕ್ರಾಸ್ ಎನ್ನುತ್ತಾರೆ. ಕೋನದಲ್ಲಿ ಬಾಗಿ ತಿರುಗುವ ಇಂತಹ ಒಂದು ಕೀಲು, ತನಗೆ ಬಂದ ಏಕರೂಪದ ವೇಗವನ್ನು ಏಕರೂಪವಾಗಿ ಮುಂದೆ ಕಳಿಸದು. ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಏರಿ ಎರಡು ಬಾರಿ ಇಳಿಯುತ್ತದೆ. ಎರಡನೆಯ ಕೀಲಿನ ಕೋನ ಸಮವಾಗಿದ್ದು, ಎರಡರ ಕವೆಗಳೂ ಒಂದೇ ನೇರದಲ್ಲಿದ್ದರೆ ಈ ಏರಿಳಿತ ಪರಸ್ಪರ ರದ್ದಾಗುತ್ತದೆ. ಶಾಫ್ಟನ್ನು ಬಿಚ್ಚಿ, ಜಾರುವ ತುದಿಯನ್ನು ಹಲ್ಲು ತಪ್ಪಿಸಿ ಮರುಜೋಡಿಸಿದರೆ ಈ ಹೊಂದಾಣಿಕೆ ಕೆಡುತ್ತದೆ. ದುರಸ್ತಿಯ ಮರುದಿನವೇ ಆರಂಭವಾದ ನಡುಕಕ್ಕೆ ಇದನ್ನೇ ಮೊದಲು ಶಂಕಿಸಬೇಕು. ಬಿಚ್ಚುವ ಮುನ್ನ ಎರಡೂ ಭಾಗಗಳ ಮೇಲೆ ಬಣ್ಣದಿಂದ ಗುರುತು ಹಾಕಿಕೊಂಡರೆ ತೊಂದರೆಯಿಲ್ಲ.

ಹೆಚ್ಚು ಹೊರೆ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿಗಳನ್ನು ಸೇರಿಸಿದಾಗಲೂ ವಾಹನದ ಹಿಂಭಾಗ ಮೇಲೆದ್ದು ಕೋನ ಬದಲಾಗುತ್ತದೆ. ಅಂತಹ ವಾಹನ ಖಾಲಿಯಿದ್ದಾಗ ನಡುಗಿ, ಈರುಳ್ಳಿ ಚೀಲ ತುಂಬಿದಾಗ ಶಾಂತವಾಗಬಹುದು. ಆದ್ದರಿಂದ ಖಾಲಿ ಮತ್ತು ಹೊರೆಸಹಿತ ಎರಡೂ ಸ್ಥಿತಿಗಳಲ್ಲಿ ಓಡಿಸಿ ನೋಡುವುದು ಅಗತ್ಯ.

ಕೆಳಗಿನಿಂದ ತಪಾಸಣೆ

ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಕಲ್ಲು ಕೊಟ್ಟ ಮೇಲೆಯೇ ಅಡಿಗೆ ಹೋಗಬೇಕು. ಕೇವಲ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಹೋಗಲೇಬಾರದು. ಶಾಫ್ಟನ್ನು ಕೈಯಿಂದ ತಿರುಚಿ, ಮೇಲೆ ಕೆಳಗೆ ಅಲುಗಿಸಿದಾಗ ಕೀಲಿನಲ್ಲಿ ಸಡಿಲ ಕಾಣಬಾರದು. ಕ್ರಾಸ್‌ನ ಬೇರಿಂಗ್ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಗ್ರೀಸ್ ಒಣಗಿ ಸೂಜಿಯಂತಹ ರೋಲರುಗಳು ಸವೆದಿವೆ ಎಂದರ್ಥ. ಇದಕ್ಕೆ ಹೊಸ ಗ್ರೀಸ್ ಪರಿಹಾರವಲ್ಲ. ಎರಡು ತುಂಡಿನ ಶಾಫ್ಟಾದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ ನೋಡಬೇಕು. ಶಾಫ್ಟಿನ ಮೇಲಿನ ಜಜ್ಜು, ಉದುರಿದ ತೂಕದ ತುಣುಕಿನ ಬೆಸುಗೆ ಗುರುತು, ಸ್ಪ್ರಿಂಗಿನ ಸಡಿಲಾದ ಯು-ಬೋಲ್ಟ್ ಇವೂ ಗಮನಾರ್ಹ.

ಅಪಾಯ

ಮುಂದಿನ ಕೀಲು ಓಟದಲ್ಲೇ ಮುರಿದರೆ ಶಾಫ್ಟಿನ ಮುಂತುದಿ ಕೆಳಗೆ ಬಿದ್ದು ರಸ್ತೆಗೆ ನಾಟಿಕೊಂಡು, ವಾಹನದ ಹಿಂಭಾಗವನ್ನು ಎತ್ತಿಬಿಡಬಲ್ಲುದು. ಸರಕು ವಾಹನದಲ್ಲಿ ಕೂಲಿಕಾರರನ್ನು ಕೂರಿಸಿ ಒಯ್ಯುವುದು ನಿಯಮಬಾಹಿರವಾದರೂ ನಡೆದೇ ಇದೆ. ಹಾಗೆ ಕುಳಿತವರಿಗೆ ಹಿಡಿದುಕೊಳ್ಳಲೂ ಆಧಾರವಿರುವುದಿಲ್ಲ. ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸುವಾಗ ಟಕ್ ಎಂಬ ಸದ್ದು ಕೇಳಿ, ಜೊತೆಗೆ ನಡುಕವೂ ದಿನೇದಿನೇ ಹೆಚ್ಚುತ್ತಿದ್ದರೆ, ಕೀಲು ಬದಲಾಗುವವರೆಗೆ ವಾಹನವನ್ನು ಹೊರೆ ಹೇರದೆ ನಿಲ್ಲಿಸಬೇಕು.